ನಿಧಾನದ ನಾರು, ವೇಗದ ನಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ರಾಯಚೂರಿನ ಎಪಿಎಂಸಿ ಪ್ರಾಂಗಣದ ಹಮಾಲರ ಬೆನ್ನುನೋವಿನ ಬಗ್ಗೆ ಬರೆಯುವಾಗ, ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ ಸಂಕುಚಿಸುವ ನಾರುಗಳೂ ವೇಗವಾಗಿ ಸಂಕುಚಿಸುವ ನಾರುಗಳೂ ಬೆರೆತಿರುತ್ತವೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆನ್ನುನೋವನ್ನು ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಪುಟ ಪೂರ್ತಿಯಾಗಿ ಅದಕ್ಕೇ ಮೀಸಲು.

ಪ್ರಶ್ನೆ: ಮಾನ್ಯ ಡಾಕ್ಟರರಿಗೆ ನಮಸ್ಕಾರ. ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಇಬ್ಬರು ಹುಡುಗರಿದ್ದಾರೆ. ಒಬ್ಬನು 100 ಮೀಟರ್ ಓಟದಲ್ಲಿ ತಾಲ್ಲೂಕಿಗೇ ಮುಂದು. ಆದರೆ 1500 ಮೀಟರ್ ಓಟದಲ್ಲಿ ಎರಡನೇ ಸುತ್ತಿಗೇ ಏದುಸಿರು ಬಿಡುತ್ತಾನೆ. ಇನ್ನೊಬ್ಬನು ಎಷ್ಟು ದೂರ ಓಡಿಸಿದರೂ ದಣಿಯುವುದಿಲ್ಲ. ಆದರೆ ಕೊನೆಯ 50 ಮೀಟರಿನಲ್ಲಿ ವೇಗ ಹೆಚ್ಚಿಸು ಎಂದರೆ ಅವನ ಕಾಲಿಗೆ ಅದು ಬರುವುದೇ ಇಲ್ಲ. ಇದು ನಾರಿನ ಬಗೆಯಿಂದ ಆಗುವುದೇ? ವ್ಯತ್ಯಾಸವನ್ನು ವಿವರವಾಗಿ ತಿಳಿಸಿ.
ದೈಹಿಕ ಶಿಕ್ಷಕರು, ಸಿಂಧನೂರು

ಉತ್ತರ: ಸ್ನಾಯುವಿನ ಒಂದು ನಾರು ಎಂದರೆ ಒಂದು ಉದ್ದನೆಯ ಜೀವಕೋಶ. ಅದರೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ತಂತುಗಳು ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಮಯೋಸಿನ್ ತನ್ನ ಪುಟ್ಟ ತಲೆಗಳಿಂದ ಆಕ್ಟಿನ್ ತಂತುವನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಇಂಥ ಪ್ರತಿಯೊಂದು ಎಳೆತಕ್ಕೂ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ರಾಸಾಯನಿಕದ ಒಂದು ಅಣು ಖರ್ಚಾಗುತ್ತದೆ. ಎಟಿಪಿಯನ್ನು ಒಡೆಯುವ ಕೆಲಸವನ್ನು ಮಯೋಸಿನ್ ಎಷ್ಟು ಬೇಗ ಮಾಡುತ್ತದೆ ಎಂಬುದರ ಮೇಲೆಯೇ ನಾರಿನ ವೇಗ ನಿಂತಿದೆ. ಮನುಷ್ಯರ ಕೈಕಾಲುಗಳ ಸ್ನಾಯುಗಳಲ್ಲಿ ಈ ಮಯೋಸಿನ್‌ನ ಮೂರು ರೂಪಗಳಿದ್ದು, ಅವುಗಳ ಆಧಾರದ ಮೇಲೆ ನಾರುಗಳನ್ನು ಟೈಪ್ 1, ಟೈಪ್ 2ಎ, ಟೈಪ್ 2ಎಕ್ಸ್ ಎಂದು ವಿಂಗಡಿಸುತ್ತಾರೆ. ಟೈಪ್ 1 ನಿಧಾನದ ನಾರು, 2ಎ ವೇಗದ ನಾರು, 2ಎಕ್ಸ್ ಎಲ್ಲಕ್ಕಿಂತ ವೇಗದ್ದು. ಒಂದೇ ನಾರಿನಲ್ಲಿ ಎರಡು ರೂಪಗಳು ಬೆರೆತಿರುವುದೂ ಉಂಟು. ನರದಿಂದ ಒಂದು ಸಂದೇಶ ಬಂದಾಗ ಟೈಪ್ 1 ನಾರು ತನ್ನ ಬಿಗಿತದ ತುದಿ ಮುಟ್ಟಲು ಸುಮಾರು 100 ಮಿಲಿಸೆಕೆಂಡು ತೆಗೆದುಕೊಂಡರೆ, ವೇಗದ ನಾರು ಅದರ ಅರ್ಧದಷ್ಟು ಸಮಯದಲ್ಲಿ ಅದೇ ಕೆಲಸ ಮುಗಿಸುತ್ತದೆ.

ಉಳಿದ ವ್ಯತ್ಯಾಸಗಳು ಈ ವೇಗಕ್ಕೆ ತಕ್ಕಂತೆ ಬಂದವು. ನಿಧಾನದ ನಾರು ಎಟಿಪಿಯನ್ನು ಹಿಡಿತದಿಂದ ಖರ್ಚು ಮಾಡುವುದರಿಂದ, ಕೊಬ್ಬು ಮತ್ತು ಗ್ಲೂಕೋಸನ್ನು ಆಮ್ಲಜನಕದ ನೆರವಿನಿಂದ ನಿಧಾನವಾಗಿ ಉರಿಸಿದರೂ ಅದಕ್ಕೆ ಸಾಕಾಗುತ್ತದೆ; ಇದಕ್ಕಾಗಿ ಅದರೊಳಗೆ ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಮೈಟೋಕಾಂಡ್ರಿಯಾ ಎಂಬ ಪುಟ್ಟ ಘಟಕಗಳು ಹೆಚ್ಚು, ಸುತ್ತ ರಕ್ತದ ಲೋಮನಾಳಗಳು ಹೆಚ್ಚು, ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಕೂಡ ಹೆಚ್ಚು. 2ಎಕ್ಸ್ ನಾರು ಕ್ಷಣಮಾತ್ರದಲ್ಲಿ ಬಹಳಷ್ಟು ಎಟಿಪಿಯನ್ನು ಖಾಲಿ ಮಾಡುವುದರಿಂದ ಆಮ್ಲಜನಕ ಬರುವ ತನಕ ಕಾಯಲಾರದು. ಅದು ಮೊದಲು ತನ್ನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ತಕ್ಷಣದ ಶಕ್ತಿಮೂಲವನ್ನು, ಆಮೇಲೆ ಗ್ಲೈಕೋಜನ್ (ಗ್ಲೂಕೋಸನ್ನು ಕೂಡಿಟ್ಟ ರೂಪ) ದಾಸ್ತಾನನ್ನು ಒಡೆದು ಶಕ್ತಿ ಪಡೆಯುತ್ತದೆ, ಬೇಗ ದಣಿಯುತ್ತದೆ. 2ಎ ನಾರು ಇವೆರಡರ ನಡುವಿನದು: ವೇಗವೂ ಇದೆ, ಆಮ್ಲಜನಕವನ್ನು ಬಳಸುವ ಸಾಮರ್ಥ್ಯವೂ ಸಾಕಷ್ಟಿದೆ. ಜನ ಸಾಮಾನ್ಯವಾಗಿ ವೇಗದ ನಾರು ಎಂದರೆ ಬಲದ ನಾರು ಎಂದುಕೊಳ್ಳುತ್ತಾರೆ. ಒಂದೇ ದಪ್ಪದ ಎರಡು ನಾರುಗಳನ್ನು ಹೋಲಿಸಿದರೆ ಅವು ಎಳೆಯುವ ಬಲದಲ್ಲಿ ಅಂಥ ದೊಡ್ಡ ಅಂತರ ಕಾಣುವುದಿಲ್ಲ. ಅದೇ ಬಲವನ್ನು ಎಷ್ಟು ಬೇಗ ಒದಗಿಸಬಲ್ಲದು ಎಂಬಲ್ಲಿ ಅಂತರ ಬಹಳ ದೊಡ್ಡದು, ಮತ್ತು 100 ಮೀಟರ್ ಓಟದಲ್ಲಿ ಪಾದ ನೆಲಕ್ಕೆ ತಾಗಿರುವುದು ಪ್ರತಿ ಹೆಜ್ಜೆಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ಎಂಬುದನ್ನು ನೆನೆದರೆ ಅದು ಎಷ್ಟು ಮುಖ್ಯ ಎಂದು ತಿಳಿಯುತ್ತದೆ.

ಯಾವ ಸ್ನಾಯುವೂ ಪೂರ್ತಿಯಾಗಿ ಒಂದೇ ಬಗೆಯದಲ್ಲ. ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಎಂಬ ಸ್ನಾಯು ನಾವು ನಿಂತಿರುವಷ್ಟು ಹೊತ್ತೂ ಕೆಲಸ ಮಾಡುತ್ತಿರುವುದರಿಂದ ಅದರಲ್ಲಿ ಸುಮಾರು ಶೇ. 80ರಷ್ಟು ನಿಧಾನದ ನಾರುಗಳಿರುತ್ತವೆ. ನಿಮ್ಮ ತಾಲ್ಲೂಕಿನ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಬೆನ್ನಿನ ಉದ್ದನೆಯ ಸ್ನಾಯುಗಳಲ್ಲೂ ಇವುಗಳದೇ ಮೇಲುಗೈ. ಇದಕ್ಕೆ ವಿರುದ್ಧವಾಗಿ, ಕಣ್ಣುರೆಪ್ಪೆಯನ್ನು ಮಿಟುಕಿಸುವ ಸ್ನಾಯುವಿನಲ್ಲಿ ಬಹುಪಾಲು ವೇಗದ ನಾರುಗಳೇ. ತೊಡೆಯ ಹೊರಬದಿಯ ಸ್ನಾಯುವಿನಲ್ಲಿ ಸಾಮಾನ್ಯ ಜನರಿಗೆ ಎರಡೂ ಹೆಚ್ಚುಕಡಿಮೆ ಅರ್ಧರ್ಧ ಇರುತ್ತವೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಈ ಪ್ರಮಾಣ ತುಂಬಾ ಬದಲಾಗುತ್ತದೆ. 1970ರ ದಶಕದಲ್ಲಿ ಪರೀಕ್ಷಿಸಿದ ಉತ್ತಮ ದರ್ಜೆಯ ದೂರದ ಓಟಗಾರರ ಮೀನಖಂಡದಲ್ಲಿ ನಿಧಾನದ ನಾರುಗಳು ಮುಕ್ಕಾಲು ಪಾಲಿಗೂ ಮಿಕ್ಕಿದ್ದವು. ಕಡಿಮೆ ದೂರದ ಓಟಗಾರರಲ್ಲಿ ವೇಗದ ನಾರುಗಳೇ ಹೆಚ್ಚಾಗಿದ್ದವು.

ಹೀಗಾಗಿ ನಿಮ್ಮ ಊಹೆಗೆ ಆಧಾರವಿದೆ. ಆದರೂ ಪೂರ್ತಿ ಕಾರಣವನ್ನು ನಾರಿನ ಮೇಲೆಯೇ ಹೊರಿಸಲು ನಾನು ಒಪ್ಪುವುದಿಲ್ಲ. ಹೃದಯವು ನಿಮಿಷಕ್ಕೆ ಎಷ್ಟು ರಕ್ತ ದಬ್ಬುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಎಷ್ಟು ಬಿಗಿಯಾಗಿದೆ, ಹುಡುಗನಿಗೆ ಓಟದ ಗತಿಯನ್ನು ಹಂಚಿಕೊಳ್ಳಲು ಬರುತ್ತದೆಯೇ ಎಂಬವೂ ಸೇರಿಯೇ 1500 ಮೀಟರಿನ ಫಲಿತಾಂಶ ಬರುತ್ತದೆ. ಮೊದಲ ಹುಡುಗನು ಮೊದಲ ಸುತ್ತನ್ನು 100 ಮೀಟರಿನ ಓಟದಂತೆಯೇ ಓಡುತ್ತಿಲ್ಲವೇ ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ.

ಪ್ರಶ್ನೆ: ನಮ್ಮ ಪಠ್ಯದಲ್ಲಿ ಟೈಪ್ 2ಬಿ ಎಂದಿದೆ. ಇತ್ತೀಚಿನ ಬರಹಗಳಲ್ಲಿ 2ಎಕ್ಸ್ ಎನ್ನುತ್ತಾರೆ. ಎರಡೂ ಒಂದೇಯೋ?
ಬಿ.ಎಸ್ಸಿ. ವಿದ್ಯಾರ್ಥಿನಿ, ರಾಯಚೂರು

ಉತ್ತರ: ಮನುಷ್ಯರ ಮಟ್ಟಿಗೆ ಒಂದೇ. 1970ರಲ್ಲಿ ಬ್ರೂಕ್ ಮತ್ತು ಕೈಸರ್ ಎಂಬ ವಿಜ್ಞಾನಿಗಳು ಸ್ನಾಯುವಿನ ತೆಳು ಪದರಗಳಿಗೆ ಬಣ್ಣ ಹಾಕಿ ವಿಂಗಡಿಸಿದಾಗ 1, 2ಎ, 2ಬಿ ಎಂಬ ಹೆಸರುಗಳು ರೂಢಿಗೆ ಬಂದವು. ಮುಂದೆ ಮಯೋಸಿನ್‌ನ ರೂಪಗಳನ್ನೇ ನೇರವಾಗಿ ಗುರುತಿಸಲು ಸಾಧ್ಯವಾದಾಗ, ಇಲಿಗಳಲ್ಲಿ ಕಾಣುವ ಅತಿವೇಗದ 2ಬಿ ಮಯೋಸಿನ್ ಮನುಷ್ಯರ ಕೈಕಾಲುಗಳ ಸ್ನಾಯುಗಳಲ್ಲಿ ಇಲ್ಲವೆಂದೂ, ನಮ್ಮಲ್ಲಿ 2ಬಿ ಎಂದು ಕರೆದಿದ್ದು ವಾಸ್ತವವಾಗಿ ಇಲಿಯ 2ಎಕ್ಸ್‌ಗೆ ಸಮನಾದುದೆಂದೂ ತಿಳಿಯಿತು. ವಿಚಿತ್ರವೆಂದರೆ 2ಬಿಯ ಜೀನು ನಮ್ಮಲ್ಲೂ ಇದೆ. ಆದರೆ ಕೈಕಾಲುಗಳಲ್ಲಿ ಅದರಿಂದ ಪ್ರೋಟೀನು ತಯಾರಾಗುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಪಠ್ಯದಲ್ಲಿರುವುದನ್ನೇ ಬರೆಯಿರಿ.

ಪ್ರಶ್ನೆ: ನನ್ನದು ಕೋಳಿ ಅಂಗಡಿ. ಎದೆಯ ಭಾಗ ಬೆಳ್ಳಗೆ, ಕಾಲಿನ ಭಾಗ ಕೆಂಪಗೆ ಇರುವುದು ಏಕೆ? ಕಾಲಿನಲ್ಲಿ ರಕ್ತ ಉಳಿದಿದೆ ಎಂದು ಕೆಲವು ಗಿರಾಕಿಗಳು ತಕರಾರು ಮಾಡುತ್ತಾರೆ.
ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಅದು ರಕ್ತವಲ್ಲ ಎಂದು ನಿಮ್ಮ ಗಿರಾಕಿಗಳಿಗೆ ಧೈರ್ಯವಾಗಿ ಹೇಳಬಹುದು. ಕೊಯ್ದಾಗ ರಕ್ತದ ಬಹುಭಾಗ ಬಸಿದು ಹೋಗಿರುತ್ತದೆ. ಉಳಿಯುವ ಕೆಂಪು ಬಣ್ಣ ನಾರಿನೊಳಗಿನ ಮಯೋಗ್ಲೋಬಿನ್‌ನದು. ಕೋಳಿ ಹಗಲೆಲ್ಲ ನೆಲ ಕೆದರುತ್ತ, ನಡೆಯುತ್ತ ಇರುವುದರಿಂದ ಅದರ ಕಾಲಿಗೆ ದಣಿಯದ ನಾರುಗಳು ಬೇಕು. ರೆಕ್ಕೆ ಬಡಿಯುವುದು ನಾಯಿ ಅಟ್ಟಿಸಿಕೊಂಡು ಬಂದಾಗ ಗೋಡೆ ಹಾರಲು ಮಾತ್ರ; ಅದಕ್ಕೆ ಬಿಳಿಯ ವೇಗದ ನಾರುಗಳು ಸಾಕು. ಮೊಲದ ಕೆಂಪು ಸ್ನಾಯುಗಳು ಬಿಳಿಯವುಗಳಿಗಿಂತ ನಿಧಾನವಾಗಿ ಸಂಕುಚಿಸುತ್ತವೆ ಎಂದು ಫ್ರಾನ್ಸಿನ ಲೂಯಿ ರಾನ್ವಿಯೇ 1873ರ ಹೊತ್ತಿಗೇ ತೋರಿಸಿದ್ದರು, ಮತ್ತು ಈ ಇಡೀ ವಿಷಯದ ಅಧ್ಯಯನ ಒಂದು ರೀತಿಯಲ್ಲಿ ಅಲ್ಲಿಂದಲೇ ಶುರುವಾಯಿತು. ತುಂಗಭದ್ರಾ ಜಲಾಶಯದಿಂದ ಬರುವ ರೋಹು ಮೀನನ್ನು ಸೀಳಿದಾಗಲೂ ಪಕ್ಕದಲ್ಲಿ ಚರ್ಮದಡಿ ಒಂದು ಕೆಂಪು ಪಟ್ಟಿ ಕಾಣುತ್ತದೆ. ಮೀನು ಸದಾ ಮೆಲ್ಲಗೆ ಈಜುವುದು ಆ ಪಟ್ಟಿಯಿಂದ; ಉಳಿದ ಬಿಳಿಯ ಭಾಗ ಬಲೆಯಿಂದಲೋ ಶತ್ರುವಿನಿಂದಲೋ ಚಿಮ್ಮಿ ತಪ್ಪಿಸಿಕೊಳ್ಳಲು.

ಆದರೆ ಬಣ್ಣ ನೋಡಿ ವೇಗ ಹೇಳಬಹುದು ಎಂದುಕೊಳ್ಳುವ ಮೊದಲು ಪಾರಿವಾಳವನ್ನು ನೆನೆಯಬೇಕು. ಗಂಟೆಗಟ್ಟಲೆ ಹಾರುವ ಅದರ ಎದೆಯ ಸ್ನಾಯು ಗಾಢ ಕೆಂಪು, ಆದರೂ ಅಲ್ಲಿರುವ ನಾರುಗಳು ವೇಗದವೇ. ಕೆಂಪು ಬಣ್ಣ ಹೇಳುವುದು ಆಮ್ಲಜನಕದ ಬಳಕೆಯನ್ನು. ಮಯೋಸಿನ್ ಯಾವುದು ಎಂಬುದನ್ನು ಅದು ಹೇಳುವುದಿಲ್ಲ.

ಪ್ರಶ್ನೆ: ಜಿಮ್‌ನಲ್ಲಿ ಒಬ್ಬರು ನಾರಿನ ಬಗೆ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಮೂರು ತಿಂಗಳಲ್ಲಿ ಬದಲಾಯಿಸಿ ತೋರಿಸುತ್ತೇನೆ ಎನ್ನುತ್ತಾರೆ. ಯಾರ ಮಾತು ನಿಜ?
ಓದುಗರು, ತೋರಣಗಲ್ಲು

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಇದನ್ನು ಬಿಡಿಸಿ ಹೇಳಲು 1960ರ ಒಂದು ಪ್ರಯೋಗದಿಂದ ಶುರುಮಾಡಬೇಕು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬುಲ್ಲರ್, ಜಾನ್ ಎಕಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕಲ್ಸ್ ಸೇರಿ, ಬೆಕ್ಕಿನ ಕಾಲಿನ ನಿಧಾನದ ಸ್ನಾಯು ಒಂದಕ್ಕೂ ವೇಗದ ಸ್ನಾಯು ಒಂದಕ್ಕೂ ಹೋಗುವ ನರಗಳನ್ನು ಕತ್ತರಿಸಿ, ಇದರ ನರವನ್ನು ಅದಕ್ಕೆ, ಅದರ ನರವನ್ನು ಇದಕ್ಕೆ ಜೋಡಿಸಿದರು. ನರಗಳು ಮತ್ತೆ ಬೆಳೆದು ಹೊಸ ಸ್ನಾಯುವನ್ನು ಸೇರಿದ ಮೇಲೆ ನೋಡಿದರೆ, ನಿಧಾನದ್ದಾಗಿದ್ದ ಸ್ನಾಯು ವೇಗದ್ದಾಗಿತ್ತು, ವೇಗದ್ದು ನಿಧಾನವಾಗಿತ್ತು. ಸ್ನಾಯುವಿನ ಗುಣ ಸ್ನಾಯುವಿನಲ್ಲೇ ಬರೆದಿಟ್ಟದ್ದು ಎಂದು ಅಲ್ಲಿಯವರೆಗೆ ನಂಬಿದ್ದವರಿಗೆ ಇದು ದೊಡ್ಡ ಆಘಾತ. (ಜಾನ್ ಎಕಲ್ಸ್ ಅವರಿಗೆ 1963ರಲ್ಲಿ ನೊಬೆಲ್ ಬಂದದ್ದು ನರಕೋಶದ ಬೇರೊಂದು ಸಂಶೋಧನೆಗೆ; ನನ್ನ ಕೇಳಿದರೆ ಈ ಪ್ರಯೋಗವೂ ಅದಕ್ಕೆ ಕಡಿಮೆಯದಲ್ಲ.)

ನರ ಯಾವುದನ್ನು ಒಯ್ದು ಮುಟ್ಟಿಸಿತು ಎಂಬ ಪ್ರಶ್ನೆ ಆಗ ಎದ್ದಿತು. ಏನೋ ಒಂದು ರಾಸಾಯನಿಕವಿರಬೇಕು ಎಂದು ಹಲವರು ಭಾವಿಸಿದ್ದರು. 1969ರಲ್ಲಿ ಸಾಲ್ಮನ್ಸ್ ಮತ್ತು ವರ್ಬೋವಾ ಮೊಲಗಳ ವೇಗದ ಸ್ನಾಯುವಿನ ನರಕ್ಕೆ, ನಿಧಾನದ ನರದಲ್ಲಿ ಸಹಜವಾಗಿ ಹರಿಯುವಂಥ ಮಂದಗತಿಯ ವಿದ್ಯುತ್ ಮಿಡಿತಗಳನ್ನು ವಾರಗಟ್ಟಲೆ ಕೊಟ್ಟು ನೋಡಿದಾಗ, ಯಾವ ನರವನ್ನೂ ಅದಲುಬದಲು ಮಾಡದೆಯೇ ಸ್ನಾಯು ನಿಧಾನದ ಗುಣ ಪಡೆಯಿತು. ಅಂದರೆ ನಾರು ಗಮನಿಸುವುದು ಮುಖ್ಯವಾಗಿ ತನಗೆ ಬರುವ ಸಂದೇಶದ ಲಯವನ್ನು: ದಿನವಿಡೀ ಬಿಡದೆ ಬರುವ ಮಂದ ಮಿಡಿತವೋ, ಅಪರೂಪಕ್ಕೊಮ್ಮೆ ಬರುವ ರಭಸದ ಮಿಡಿತವೋ ಎಂಬುದನ್ನು. ಮಿಡಿತದ ಲಯ ನಾರಿನೊಳಗಿನ ಕ್ಯಾಲ್ಸಿಯಂ ಏರಿಳಿತವನ್ನು ನಿರ್ಧರಿಸುತ್ತದೆ, ಆ ಏರಿಳಿತ ಯಾವ ಮಯೋಸಿನ್‌ನ ಜೀನು ಕೆಲಸ ಮಾಡಬೇಕು ಎಂಬುದನ್ನು ನಿರ್ಧರಿಸುತ್ತದೆ.

ಆದರೆ ಮೊಲಕ್ಕೆ ಕೊಟ್ಟಂತೆ ದಿನವಿಡೀ, ವಾರಗಟ್ಟಲೆ, ಬಿಡುವಿಲ್ಲದ ಮಿಡಿತವನ್ನು ಯಾವ ಜಿಮ್ಮೂ ಯಾವ ಓಟವೂ ಕೊಡಲಾರದು. ಮನುಷ್ಯರಲ್ಲಿ ತರಬೇತಿಯಿಂದ ಸುಲಭವಾಗಿ, ಕೆಲವೇ ವಾರಗಳಲ್ಲಿ, ಆಗುವ ಬದಲಾವಣೆಯೆಂದರೆ 2ಎಕ್ಸ್ ನಾರುಗಳು 2ಎ ಆಗುವುದು. ಓಟವಾದರೂ ಸರಿ, ಭಾರ ಎತ್ತುವುದಾದರೂ ಸರಿ, ದಿಕ್ಕು ಅದೇ. ಭಾರ ಎತ್ತಿದರೆ 2ಎಕ್ಸ್ ಹೆಚ್ಚುತ್ತದೆ ಎಂಬ ಜಿಮ್ಮಿನ ನಂಬಿಕೆ ತಿರುಗುಮುರುಗಾದದ್ದು. 2ಎಕ್ಸ್ ಹೆಚ್ಚಾಗಿ ಕಾಣುವುದು ಮೈ ಬಗ್ಗಿಸದೆ ಕುಳಿತವರಲ್ಲಿ ಮತ್ತು ಹಾಸಿಗೆ ಹಿಡಿದವರಲ್ಲಿ. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ನಿಶ್ಚಲವಾದವರ ತೊಡೆಯಲ್ಲಿ ವರ್ಷಗಳು ಕಳೆದಂತೆ ನಿಧಾನದ ನಾರುಗಳು ಬಹುತೇಕ ಮಾಯವಾಗಿ ವೇಗದವೇ ಉಳಿಯುತ್ತವೆ. ಟೈಪ್ 1 ಮತ್ತು ಟೈಪ್ 2ರ ನಡುವಿನ ಗಡಿಯನ್ನು ತರಬೇತಿಯಿಂದ ದಾಟಿಸುವುದು ಮಾತ್ರ ಕಷ್ಟ. ಅನೇಕ ವರ್ಷಗಳ ದೂರದ ಓಟದಿಂದ ಸ್ವಲ್ಪಮಟ್ಟಿಗೆ ಆಗಬಹುದು, ಮೂರು ತಿಂಗಳಲ್ಲಿ ಆಗುವ ಮಾತಲ್ಲ. ಮೂರು ತಿಂಗಳಲ್ಲಿ ನಾರುಗಳು ದಪ್ಪವಾಗುವುದು, ಮೈಟೋಕಾಂಡ್ರಿಯಾ ಹೆಚ್ಚುವುದು ಇವೆಲ್ಲ ಖಂಡಿತ ಆಗುತ್ತವೆ, ಮತ್ತು ಸಾಮಾನ್ಯ ಮನುಷ್ಯನಿಗೆ ಬೇಕಾದದ್ದೂ ಅದೇ.

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಮುಂದೆ ಅವನನ್ನು ಒಳ್ಳೆಯ ಕ್ರೀಡಾ ಸಂಸ್ಥೆಗೆ ಸೇರಿಸುವ ಆಸೆಯಿದೆ. ಜೊಲ್ಲಿನ ಡಿಎನ್‌ಎ ಪರೀಕ್ಷೆಯಿಂದ ಅವನ ನಾರಿನ ಬಗೆ ತಿಳಿದು, ಯಾವ ಆಟಕ್ಕೆ ಹಾಕಬೇಕೆಂದು ಹೇಳುತ್ತೇವೆ ಎಂಬ ಜಾಹೀರಾತು ನೋಡಿದೆ. ಮಾಡಿಸಬಹುದೇ?
ಓದುಗರು, ಕುಷ್ಟಗಿ

ಉತ್ತರ: ಬೇಡ. ಜೊಲ್ಲಿನಿಂದ ನಾರಿನ ಬಗೆ ತಿಳಿಯುವುದಿಲ್ಲ. ಅದನ್ನು ನೇರವಾಗಿ ನೋಡಬೇಕಾದರೆ ದಪ್ಪ ಸೂಜಿ ಚುಚ್ಚಿ ತೊಡೆಯ ಸ್ನಾಯುವಿನ ಚೂರೊಂದನ್ನು ತೆಗೆಯಬೇಕು. 1960ರ ದಶಕದಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಬಳಕೆಗೆ ತಂದ ಈ ವಿಧಾನ ಇಂದಿಗೂ ಸಂಶೋಧನೆಗೂ ಕಾಯಿಲೆಗಳ ಪತ್ತೆಗೂ ಇದೆ, ಆಟದ ಆಯ್ಕೆಗಾಗಿ ಮಗುವಿಗೆ ಅದನ್ನು ಮಾಡುವಂತಿಲ್ಲ. ಜಾಹೀರಾತಿನವರು ನೋಡುವುದು ಸಾಮಾನ್ಯವಾಗಿ ಎಸಿಟಿಎನ್3 ಎಂಬ ಜೀನನ್ನು. ಅದು ತಯಾರಿಸುವ ಪ್ರೋಟೀನು ವೇಗದ ನಾರುಗಳಲ್ಲಿ ಮಾತ್ರ ಇರುತ್ತದೆ. ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರಲ್ಲಿ ಈ ಪ್ರೋಟೀನು ತಯಾರಾಗುವುದೇ ಇಲ್ಲ, ಮತ್ತು ಅವರಿಗೆ ಅದರಿಂದ ಯಾವ ಕಾಯಿಲೆಯೂ ಇಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನವು ಉನ್ನತ ಮಟ್ಟದ ಕಡಿಮೆ ದೂರದ ಓಟಗಾರರಲ್ಲಿ ಅಂಥವರು ತೀರ ವಿರಳ ಎಂದು ತೋರಿಸಿದ್ದೇ ಈ ವ್ಯಾಪಾರಕ್ಕೆ ಬಂಡವಾಳವಾಯಿತು. ಜಗತ್ತಿನ ತುದಿಯಲ್ಲಿರುವ ಕೆಲವೇ ಓಟಗಾರರ ಬಗ್ಗೆ ನಿಜವಾದದ್ದು ಎಂಟು ವರ್ಷದ ಹುಡುಗನ ಬಗ್ಗೆ ಏನನ್ನೂ ಹೇಳುವುದಿಲ್ಲ. ಜನರ ನಡುವೆ ಟೈಪ್ 1 ನಾರುಗಳ ಪ್ರಮಾಣದಲ್ಲಿ ಕಾಣುವ ವ್ಯತ್ಯಾಸಕ್ಕೆ ಸುಮಾರು ಶೇ. 45ರಷ್ಟು ಆನುವಂಶಿಕತೆಯೂ ಶೇ. 40ರಷ್ಟು ಬದುಕಿನ ಪರಿಸರವೂ ಕಾರಣ ಎಂದು 1995ರಲ್ಲಿ ಸಿಮೊನೋ ಮತ್ತು ಬುಶಾರ್ ಲೆಕ್ಕ ಹಾಕಿದ್ದರು; ಆ ಆನುವಂಶಿಕ ಪಾಲಿನಲ್ಲಿಯೂ ಎಸಿಟಿಎನ್3 ಒಂದು ಸಣ್ಣ ಚೂರು. ಮಗನನ್ನು ಖೋಖೋ, ಕಬಡ್ಡಿ, ಈಜು ಎಲ್ಲಕ್ಕೂ ಬಿಡಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 70 ದಾಟಿದೆ. ಈಗಲೂ ದಿನಾ ಹೊಲಕ್ಕೆ ನಡೆದೇ ಹೋಗಿ ಬರುತ್ತಾರೆ, ದಣಿವು ಎನ್ನುವುದಿಲ್ಲ. ಆದರೆ ನೆಲದಿಂದ ಏಳಬೇಕಾದರೆ ಗೋಡೆಯನ್ನೋ ನನ್ನ ಕೈಯನ್ನೋ ಹಿಡಿಯಲೇಬೇಕು. ಮೊದಲು ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತಿದ್ದವರು ಈಗ ಮನೆಯ ಮೂರು ಮೆಟ್ಟಿಲಿಗೆ ನಿಲ್ಲುತ್ತಾರೆ. ಇಷ್ಟು ನಡೆಯುವವರಿಗೆ ಹೀಗೇಕೆ?
ಓದುಗರು, ಗಂಗಾವತಿ

ಉತ್ತರ: ಈ ಪತ್ರದಲ್ಲಿ ನಾರಿನ ಬಗೆಗಳ ಅರ್ಧ ಶಾಸ್ತ್ರವೇ ಅಡಗಿದೆ. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ನರಕೋಶವೂ ಒಂದೇ ಬಗೆಯ ನಾರುಗಳ ಗುಂಪೊಂದನ್ನು ನಡೆಸುತ್ತದೆ. ಅಮೆರಿಕದ ಎಲ್ವುಡ್ ಹೆನ್ನೆಮನ್ 1957ರಿಂದ 1965ರವರೆಗಿನ ತಮ್ಮ ಅಧ್ಯಯನಗಳಲ್ಲಿ ತೋರಿಸಿದಂತೆ, ಕೆಲಸ ಯಾವುದೇ ಇರಲಿ, ಮೊದಲು ಎಚ್ಚರವಾಗುವುದು ನಿಧಾನದ ನಾರುಗಳನ್ನು ನಡೆಸುವ ಸಣ್ಣ ನರಕೋಶಗಳು. ಬಲ ಸಾಲದೆ ಬಂದರೆ 2ಎ. ಅದೂ ಸಾಲದಿದ್ದರೆ ಮಾತ್ರ 2ಎಕ್ಸ್. ಸುಗ್ಗಿಯ ಕೆಲಸಕ್ಕೆ ಮೊದಲು ಮನೆಮಂದಿ ಇಳಿದು, ಸಾಲದಿದ್ದರೆ ಮುಯ್ಯಾಳನ್ನು ಕರೆದು, ಕೊನೆಗಷ್ಟೇ ಕೂಲಿಯವರನ್ನು ಹುಡುಕುವಂತೆ ಇದು ನಡೆಯುತ್ತದೆ. ಸಮನೆಲದ ಮೇಲೆ ಹೊಲದ ದಾರಿಯಲ್ಲಿ ನಡೆಯುವುದಕ್ಕೆ ಬೇಕಾದ ಬಲ ಕಡಿಮೆ. ಅದನ್ನು ನಿಧಾನದ ನಾರುಗಳೇ ನಿಭಾಯಿಸುತ್ತವೆ. ವೇಗದ ನಾರುಗಳಿಗೆ ಕರೆಯೇ ಹೋಗುವುದಿಲ್ಲ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಎಡವಿದಾಗ ಬೀಳದಂತೆ ಕಾಲನ್ನು ಥಟ್ಟನೆ ಮುಂದಿಡುವುದು, ಇವಕ್ಕೆ ಬೇಕಾದದ್ದು ಅವೇ.

ವಯಸ್ಸಾದಂತೆ ಸವೆಯುವುದೂ ಮುಖ್ಯವಾಗಿ ಟೈಪ್ 2 ನಾರುಗಳು. ಟೈಪ್ 1ರ ದಪ್ಪ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಇದರ ಜೊತೆಗೆ ಬೆನ್ನುಹುರಿಯ ನರಕೋಶಗಳೂ ಕೆಲವು ಸಾಯುತ್ತವೆ. ಹಾಗೆ ಅನಾಥವಾದ ನಾರುಗಳಲ್ಲಿ ಕೆಲವನ್ನು ಪಕ್ಕದ ನಿಧಾನದ ನರಗಳು ಕವಲೊಡೆದು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತವೆ, ಮತ್ತು ಹಿಂದೆ ಹೇಳಿದ ಬೆಕ್ಕಿನ ಸ್ನಾಯುವಿನಂತೆ ಆ ನಾರುಗಳು ನಿಧಾನದವಾಗುತ್ತವೆ, ಉಳಿದವು ಕರಗಿಹೋಗುತ್ತವೆ. ಎಳೆಯರ ಸ್ನಾಯುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಬಗೆಗಳು ಚದುರಂಗದ ಮಣೆಯಂತೆ ಬೆರೆತು ಕಾಣುತ್ತವೆ; ವಯಸ್ಸಾದವರಲ್ಲಿ ಒಂದೇ ಬಗೆಯವು ಗುಂಪುಗುಂಪಾಗಿರುತ್ತವೆ.

ನಿಮ್ಮ ಅತ್ತೆಯವರ ನಡಿಗೆ ಮುಂದುವರಿಯಲಿ, ಹೃದಯಕ್ಕೂ ಸಕ್ಕರೆಗೂ ಅದು ಬೇಕು. ಅದರ ಜೊತೆಗೆ ವೇಗದ ನಾರುಗಳಿಗೂ ಕರೆ ಹೋಗುವಂಥ ಕೆಲಸವನ್ನು ವಾರಕ್ಕೆ ಎರಡು ಮೂರು ದಿನ ಸೇರಿಸಬೇಕು. ಮೊದಲು ಎತ್ತರದ ಕುರ್ಚಿಯಿಂದ, ಕೈಯೂರದೆ, ಎದ್ದು ನಿಂತು ಮೆಲ್ಲಗೆ ಕುಳಿತುಕೊಳ್ಳಲಿ; ಎಂಟು ಹತ್ತು ಸಲ ಮಾಡಿ, ವಿರಮಿಸಿ, ಮತ್ತೆ ಮಾಡಲಿ. ಅದು ಸಲೀಸಾದ ಮೇಲೆ ಕುರ್ಚಿಯ ಎತ್ತರ ತಗ್ಗಿಸಿ. ಏಳುವಾಗ ಆದಷ್ಟು ಚುರುಕಾಗಿ, ಕೂರುವಾಗ ನಿಧಾನವಾಗಿ ಎಂಬುದು ಮುಖ್ಯ. ಕೊನೆಯ ಎರಡು ಸಲ ಕಷ್ಟವೆನಿಸದಿದ್ದರೆ ಕರೆ ನಿಧಾನದ ನಾರುಗಳಲ್ಲೇ ನಿಂತಿತೆಂದು ತಿಳಿಯಿರಿ. ಮುಪ್ಪಿನಲ್ಲಿ ಇದರಿಂದೇನು ಫಲ ಎಂದು ಅವರು ಕೇಳಿದರೆ, 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಹೇಳಿ: ವೃದ್ಧಾಶ್ರಮವೊಂದರಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಲಾಯಿತು, ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಊಟದಲ್ಲಿ ರೊಟ್ಟಿ ಕಡಿಮೆಯಾದರೂ ಬೇಳೆ, ಕಾಳುಪಲ್ಯ, ಮೊಸರು ಕಡಿಮೆಯಾಗದಿರಲಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ.

ಇದಕ್ಕೂ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ವಿಟಮಿನ್ ಡಿ ಕೊರತೆ, ಥೈರಾಯ್ಡ್ ತೊಂದರೆ, ಬಹಳ ದಿನ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡಿರುವುದು, ಇವೆಲ್ಲ ನೆಲದಿಂದ ಏಳಲಾಗದ ಇದೇ ಬಗೆಯ ತೊಡೆಯ ನಿಶ್ಶಕ್ತಿಯನ್ನು ತರುತ್ತವೆ, ಸ್ಟೆರಾಯ್ಡ್ ಅಂತೂ ವಿಶೇಷವಾಗಿ ವೇಗದ ನಾರುಗಳನ್ನೇ ಸವೆಸುತ್ತದೆ. ಮಂಡಿನೋವಿಗೆಂದು ಅವರು ಚೀಟಿಯಿಲ್ಲದೆ ಕೊಂಡ ಮಾತ್ರೆಗಳಿದ್ದರೆ, ಆ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಆದರೆ ಸ್ಟೆರಾಯ್ಡ್ ಎಂದು ಗೊತ್ತಾದರೂ ವೈದ್ಯರು ಹೇಳುವ ತನಕ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ.